ಮಣ್ಣಕ್ಕ ಹಾಕದ ಟೈರು

ಬೆಳಗಿನ ಐದೂವರೆ. ಬೆಟ್ಟದ ಬುಡದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಸೈಕಲ್ ಕ್ಲಬ್ಬಿನ ತಗಡಿನ ಶೆಡ್ಡಿನ ಹಿಂದಿನಿಂದ ಹೊರಡುವ ಕಾಲುದಾರಿಯಲ್ಲಿ ಹೆಂಗಸೊಬ್ಬರು ಒಂಟಿಯಾಗಿ ನಡೆಯುತ್ತಿದ್ದಾರೆ. ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲಿ ಸೈಕಲ್ ಚಕ್ರದ್ದೊಂದು ಹಳೆಯ ಕಡ್ಡಿ. ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ನಿಂತು ಕಡ್ಡಿಯನ್ನು ನೆಲಕ್ಕೆ ಚುಚ್ಚುತ್ತಾರೆ, ಎಷ್ಟು ಆಳ ಇಳಿಯಿತೆಂದು ಉಗುರಿನಿಂದ ಗುರುತು ಹಿಡಿದು ನೋಡುತ್ತಾರೆ. ಚಿಟಿಕೆ ಮಣ್ಣು ತೆಗೆದು ಬೆರಳುಗಳ ನಡುವೆ ಉಂಡೆ ಮಾಡುತ್ತಾರೆ. ಉಂಡೆ ನಿಂತರೆ ಒಂದು ಲೆಕ್ಕ, ಉದುರಿದರೆ ಇನ್ನೊಂದು, ಬೆರಳಿಗೇ ಮೆತ್ತಿಕೊಂಡರೆ ಮತ್ತೊಂದು. ಯಾವುದನ್ನೂ ಬರೆದುಕೊಳ್ಳುವುದಿಲ್ಲ.

ಹಿಂದೆಯೇ ಹೊರಟ ನನ್ನನ್ನು ಅವರು ತಿರುಗಿ ನೋಡುತ್ತಾರೆ. ಮುಖವನ್ನಲ್ಲ, ಕಾಲನ್ನು.

“ಆ ಶೂ ಹಾಕ್ಕೊಂಡು ಮೇಲೆ ಬರಬೇಡಿ. ಹಲ್ಲೆಲ್ಲ ಸವೆದು ಬೋಳಾಗಿದೆ. ಇಳಿಯೋವಾಗ ಕೂತ್ಕೊಂಡೇ ಇಳೀಬೇಕಾಗುತ್ತೆ.”

ಮಾತು ಕೇಳಲಿಲ್ಲ. ಕೂತುಕೊಂಡೇ ಇಳಿದೆ.

ಇವರನ್ನು ಇಲ್ಲಿನ ಸವಾರರೆಲ್ಲ ಮಣ್ಣಕ್ಕ ಅನ್ನುತ್ತಾರೆ. ವಯಸ್ಸು ಐವತ್ತೇಳು. ಬೆಟ್ಟದ ಸೈಕಲ್ ರೇಸುಗಳಿಗೆ ತಂಡ ಕಳಿಸುವ ಈ ಕ್ಲಬ್ಬಿನ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ. ಇವತ್ತಿನ ದಾರಿಗೆ, ಇವತ್ತಿನ ಮಣ್ಣಿಗೆ ಯಾವ ಚಕ್ರಕ್ಕೆ ಯಾವ ಟೈರು, ಅದರಲ್ಲಿ ಎಷ್ಟು ಗಾಳಿ ಎಂದು ಹೇಳುವುದು ಇವರ ಕೆಲಸ. ಕಾಗದದ ಮೇಲೆ ಮಾತ್ರ ಇವರ ಕೆಲಸ ಅದಲ್ಲ. ಅಲ್ಲಿ ಇವರು ‘ಶೆಡ್ ಸಹಾಯಕಿ’.

ನಿಜ ಹೇಳಬೇಕೆಂದರೆ ನಾನು ಇವರನ್ನು ಹುಡುಕಿಕೊಂಡು ಬಂದವನಲ್ಲ. ಕ್ಲಬ್ಬಿನ ತಾಂತ್ರಿಕ ಸಲಹೆಗಾರರ ಬಗ್ಗೆ ಬರೆಯಲು ಬಂದವನು. ಕಳೆದ ಐದಾರು ವರ್ಷಗಳಲ್ಲಿ ಈ ತಂಡ ಕೆಸರಿನ ರೇಸುಗಳಲ್ಲಿ ಗೆದ್ದಷ್ಟು ಬೇರೆ ಯಾರೂ ಗೆದ್ದಿಲ್ಲ. ಅದಕ್ಕೆಲ್ಲ ಸಲಹೆಗಾರರ ಟೈರ್ ಲೆಕ್ಕಾಚಾರವೇ ಕಾರಣ ಎಂದು ಎಲ್ಲರೂ ಹೇಳುತ್ತಿದ್ದರು. ‘ಮುಂಜಾನೆ ದಾರಿ ಪರೀಕ್ಷೆ ನಡೆಯುತ್ತದೆ, ಬನ್ನಿ’ ಎಂದು ಅವರೇ ಕರೆದಿದ್ದರು. ನಾನು ಬಂದೆ. ಅವರು ಇನ್ನೂ ಎದ್ದಿರಲಿಲ್ಲ. ದಾರಿಯಲ್ಲಿ ಇದ್ದದ್ದು ಮಣ್ಣಕ್ಕ ಒಬ್ಬರೇ.

ದಾರಿಯ ಒಂದು ಸುತ್ತು ಆರೂವರೆ ಕಿಲೋಮೀಟರ್. ಕೆಳಗೆ ತೊರೆಯ ಪಕ್ಕ ಜಿಗುಟು ಮಣ್ಣು. ನಡುವೆ, ಹಿಂದೆ ಕಲ್ಲು ಒಡೆಯುತ್ತಿದ್ದ ಜಾಗದಲ್ಲಿ ಸಡಿಲ ಜಲ್ಲಿ. ಅದರ ಮೇಲೆ ದಟ್ಟ ಮರಗಳ ಕೆಳಗೆ, ಹಾವುಗಳು ಹೆಣೆದುಕೊಂಡು ಮಲಗಿದಂತೆ ಬೇರುಗಳು ಹಾಸಿಕೊಂಡ ಒಂದು ಇಳಿಜಾರು. ಮೂರೂ ಕಡೆ ಮೂರು ನ್ಯಾಯ. ಜಿಗುಟು ಮಣ್ಣಿಗೆ ಸಣಕಲು ಟೈರು ಬೇಕು, ಹಲ್ಲು ಎತ್ತರವಾಗಿ ದೂರ ದೂರ ಇರಬೇಕು, ಇಲ್ಲದಿದ್ದರೆ ಮಣ್ಣು ತುಂಬಿಕೊಂಡು ಚಕ್ರ ಗಡಿಗೆಯಂತಾಗುತ್ತದೆ. ಅದೇ ಎತ್ತರದ ಹಲ್ಲು ಒದ್ದೆ ಬೇರಿನ ಮೇಲೆ ಮಡಚಿಕೊಂಡು ಜಾರುತ್ತದೆ. ಅಲ್ಲಿ ಮೆತ್ತನೆಯ ರಬ್ಬರು, ಕಡಿಮೆ ಗಾಳಿ. ಬಿಸಿಲಿಗೆ ಅದೇ ನೆಲ ಒಣಗಿ ಗಟ್ಟಿಯಾದರೆ ಒತ್ತೊತ್ತಾದ ಗಿಡ್ಡ ಹಲ್ಲು. ಸಡಿಲ ಜಲ್ಲಿಗೆ ಅಗಲ ಟೈರು, ಅಂಚಿನ ಹಲ್ಲು ಗಟ್ಟಿಯಿರಬೇಕು. ಸೈಕಲ್ಲಿಗೆ ಇರುವುದು ಎರಡೇ ಚಕ್ರ. ಎಲ್ಲಿ ಬಿಟ್ಟುಕೊಡಬೇಕು, ಎಲ್ಲಿ ಬಿಡಬಾರದು ಎಂಬುದೇ ಇವರ ವಿದ್ಯೆ.

“ಎಲ್ಲಾ ಕಡೆ ಚೆನ್ನಾಗಿರೋ ಟೈರು ಅಂತ ಅಂಗಡಿಯವ್ರು ಮಾರ್ತಾರೆ. ಎಲ್ಲರಿಗೂ ಬೇಕಾದ ಮನುಷ್ಯನ ಹಾಗೆ ಅದು. ಕಷ್ಟಕ್ಕೆ ಆಗಲ್ಲ,” ಅನ್ನುತ್ತಾರೆ. “ಹಿಂದಿನ ಚಕ್ರ ಜಾರಿದ್ರೆ ಮರ್ಯಾದೆ ಹೋಗುತ್ತೆ. ಮುಂದಿನ ಚಕ್ರ ಜಾರಿದ್ರೆ ಹಲ್ಲು ಹೋಗುತ್ತೆ. ಅದಕ್ಕೆ ನಾನು ಹಿಂದಿನದರಲ್ಲಿ ಚೌಕಾಸಿ ಮಾಡ್ತೀನಿ, ಮುಂದಿನದರಲ್ಲಿ ಮಾಡಲ್ಲ.”

ಏಳು ಗಂಟೆಗೆ ಶೆಡ್ಡಿಗೆ ವಾಪಸು. ಗೋಡೆಯ ಕೊಕ್ಕೆಗಳಲ್ಲಿ ನೂರ ನಲವತ್ತು ಟೈರುಗಳು ನೇತಾಡುತ್ತಿವೆ. ಮಣ್ಣಕ್ಕ ಮುಖ ತೊಳೆಯುವುದಿಲ್ಲ, ಕೂರುವುದಿಲ್ಲ, ನೇರವಾಗಿ ಆರು ಟೈರು ಇಳಿಸಿ ರಿಮ್ಮಿಗೆ ಹಾಕತೊಡಗುತ್ತಾರೆ. ಈ ಟೈರುಗಳಿಗೆ ಒಳಗೆ ಟ್ಯೂಬ್ ಇಲ್ಲ. ಸಣ್ಣ ತೂತಾದರೆ ತಾನೇ ಮುಚ್ಚಿಕೊಳ್ಳುವ ಒಂದು ಬಿಳಿ ದ್ರವವನ್ನು ಸುರಿಯುತ್ತಾರೆ. ಇವರು ಅದಕ್ಕೆ ‘ಹಾಲು’ ಅನ್ನುತ್ತಾರೆ. ಹೆಬ್ಬೆರಳಿನ ಗೆಣ್ಣು ಊದಿ ಅಡಿಕೆಯಂತಾಗಿದೆ. ಬಲಗೈಯ ಎರಡು ಬೆರಳಿಗೆ ಸ್ಪರ್ಶವಿಲ್ಲ. ರೇಸಿನ ದಿನ ಬೆಳಗ್ಗೆ ಒಂಬತ್ತರೊಳಗೆ ಇಪ್ಪತ್ತನಾಲ್ಕು ಚಕ್ರ ಸಿದ್ಧವಾಗಬೇಕು.

ಎಂಟಕ್ಕೆ ಸಲಹೆಗಾರರು ಬರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬ್ಲೆಟ್ಟು. ಬಾಗಿಲಲ್ಲೇ ನಿಂತು, “ಏನಕ್ಕಾ, ಇವತ್ತು ಹೇಗಿದೆ?” ಅನ್ನುತ್ತಾರೆ.

“ಕೆಳಗೆ ಅಂಟು, ಮೇಲೆ ಒದ್ದೆ. ಮುಂದೆ ಮೆತ್ತನೇದು, ಗಾಳಿ ಇಪ್ಪತ್ತೊಂದು. ಹಿಂದೆ ಸಣ್ಣದು, ಇಪ್ಪತ್ತನಾಲ್ಕು,” ಎಂದು ಮಣ್ಣಕ್ಕ ತಲೆಯೆತ್ತದೆ ಹೇಳುತ್ತಾರೆ.

ಸಲಹೆಗಾರರು ಅದನ್ನು ಟ್ಯಾಬ್ಲೆಟ್ಟಿನಲ್ಲಿ ಒತ್ತಿಕೊಳ್ಳುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, ನೆಲದ ತೇವಾಂಶ ಮತ್ತು ರಬ್ಬರಿನ ಗಡಸುತನದ ಸಂಬಂಧವನ್ನು ಇಪ್ಪತ್ತು ನಿಮಿಷ ವಿವರಿಸುತ್ತಾರೆ. ಕೊನೆಯಲ್ಲಿ, “ಅಕ್ಕ ನಮ್ಮ ಕುಟುಂಬದವರ ಹಾಗೆ,” ಎಂದು ಸೇರಿಸಿ ಹೊರಡುತ್ತಾರೆ.

ಅವರು ಹೋದ ಮೇಲೆ ಮಣ್ಣಕ್ಕ ನಗುತ್ತಾರೆ. ಒಳ್ಳೆಯ ನಗುವಲ್ಲ. “ಕುಟುಂಬದವಳ ಹಾಗೆ ಅಂದ್ರೆ ಏನು ಗೊತ್ತಾ? ಫೋಟೋ ತೆಗೆಯೋ ಹೊತ್ತಿಗೆ ನನಗೆ ಒಳಗಡೆ ಕೆಲಸ ಇರುತ್ತೆ ಅಂತ ಅರ್ಥ. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ, ಸರಿಯಾಗೇ ಇದೆ ಗಾದೆ. ಯಾರ ಕೈ, ಯಾರ ಬಾಯಿ ಅಂತ ಮಾತ್ರ ಹೇಳಿಲ್ಲ.”

ಇವರ ತಂದೆ ರಸ್ತೆ ತಿರುವಿನಲ್ಲಿ ಪಂಕ್ಚರ್ ಹಾಕುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಹೊಲಿಗೆ ಕಲಿತಳು. ಚಿಕ್ಕವಳಿಗೆ ಸೂಜಿ ಒಗ್ಗಲಿಲ್ಲ, ಅಪ್ಪನ ಪಕ್ಕ ಕೂತು ಟೈರು ಕಳಚಿದಳು. ಅಪ್ಪ ಹೋದ ಮೇಲೆ ಹನ್ನೊಂದು ವರ್ಷ ಬೆಟ್ಟದ ಕಾಲುದಾರಿಗಳನ್ನು ಅಗೆದು ಸರಿ ಮಾಡುವ ಕೂಲಿಯವರ ಜೊತೆ ಗುದ್ದಲಿ ಹಿಡಿದರು. ಆಮೇಲೆ ಕ್ಲಬ್ಬಿನವರಿಗೆ ಕೆಸರಾದ ಸೈಕಲ್ ತೊಳೆಯಲು ಆಳು ಬೇಕಾಯಿತು. ಇವರು ಹೋದರು.

“ನಾಲ್ಕು ವರ್ಷ ಬರೀ ತೊಳೆದೆ. ಯಾವ ಟೈರಲ್ಲಿ ಎಲ್ಲಿಯ ಮಣ್ಣು ಕಚ್ಕೊಂಡಿದೆ, ಯಾವುದು ಖಾಲಿ ಬಂದಿದೆ, ಯಾವುದರ ಅಂಚು ಹರಿದಿದೆ, ದಿನಾ ನೋಡ್ತಿದ್ದೆ. ಗುದ್ದಲಿ ಹಿಡಿದವಳಿಗೆ ಮಣ್ಣು ಗೊತ್ತು, ಟೈರು ಅಪ್ಪ ಕಲಿಸಿದ್ದ. ಎರಡನ್ನೂ ಕೂಡಿಸಿದೆ, ಅಷ್ಟೆ. ತೊಳೆಯೋಳಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗುತ್ತೆ?”

ಒಂದು ದಿನ ಸವಾರನೊಬ್ಬನಿಗೆ, “ಇದು ತೆಗೆದು ಅದು ಹಾಕ್ಕೊಂಡು ಹೋಗು” ಅಂದರು. ಅವನು ಮೂರು ನಿಮಿಷ ಮುಂಚೆ ಬಂದ. ಅಲ್ಲಿಂದ ಕೊಳಾಯಿ ಕೈ ಬಿಟ್ಟಿತು, ಟೈರು ಕೈಗೆ ಬಂತು. ರೇಸಿನ ದಿನ ಪ್ರತಿ ಸೈಕಲ್ಲಿನ ಮುಂದೆ ಹಿಂದೆ ಏನು ಹಾಕಿದೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡುವ ಅಧಿಕಾರವೂ ಬಂತು. ಇವರಿಗೆ ಬರೆಯಲು ಓದಲು ಬರುವುದು ಅಷ್ಟಕ್ಕಷ್ಟೆ. ಆ ಸಹಿಯನ್ನು ಮಾತ್ರ ರಾತ್ರಿಯೆಲ್ಲ ಕೂತು ಅಭ್ಯಾಸ ಮಾಡಿದ್ದರಂತೆ.

ಮಣ್ಣಕ್ಕ ಮದುವೆಯಾಗಲಿಲ್ಲ. ಅಕ್ಕನ ಗಂಡ ಬೇಗ ತೀರಿಕೊಂಡ. ಅಕ್ಕ, ಅಕ್ಕನ ಮಗಳು, ಇವರು, ಮೂವರದೂ ಒಂದೇ ಮನೆ. ಮಗು ಅಮ್ಮನ ಹೊಲಿಗೆ ಯಂತ್ರದ ಕೆಳಗೆ ಮಲಗಿ, ಚಿಕ್ಕಮ್ಮನ ಸೈಕಲ್ಲಿನ ಮೇಲೆ ಬೆಳೆಯಿತು. ಮೂರು ಮುರುಕು ಸೈಕಲ್ಲುಗಳ ಭಾಗ ಸೇರಿಸಿ ಮಣ್ಣಕ್ಕ ಮಾಡಿಕೊಟ್ಟ ಸೈಕಲ್ಲಿನಲ್ಲಿ ಹನ್ನೊಂದನೇ ವಯಸ್ಸಿಗೆ ಬೆಟ್ಟ ಹತ್ತಿದಳು. ಇಪ್ಪತ್ತಕ್ಕೆ ಕ್ಲಬ್ಬಿನ ತಂಡ ಸೇರಿದಳು. ಆಕೆ ಬಿದ್ದದ್ದು ಆರು ವರ್ಷದ ಹಿಂದೆ, ಇದೇ ಬೆಟ್ಟದಲ್ಲಿ.

ಆ ಬೆಳಗಿನ ಕಥೆಯನ್ನು ಮಣ್ಣಕ್ಕ ನನಗೆ ಹೇಳಲಿಲ್ಲ. ಎರಡು ದಿನ ಕೇಳಿದೆ. “ಹಳೇದು ಬಿಡಿ” ಎಂದು ಟೈರಿಗೆ ಗಾಳಿ ಹೊಡೆದರು. ಹೇಳಿದವಳು ಆ ಹುಡುಗಿ. ಈಗ ಆಕೆಗೆ ಇಪ್ಪತ್ತೊಂಬತ್ತು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುತ್ತಾಳೆ. ಬಲಗಾಲು ಪೂರ್ತಿ ಮಡಚುವುದಿಲ್ಲ, ಅದನ್ನು ಮೇಜಿನ ಕೆಳಗೆ ಒಂದು ಪೆಟ್ಟಿಗೆಯ ಮೇಲೆ ಚಾಚಿಕೊಂಡಿರುತ್ತಾಳೆ. ನಾನು ಚಿಕ್ಕಮ್ಮನ ಬಗ್ಗೆ ಬರೆಯುತ್ತಿದ್ದೇನೆ ಅಂದಾಗ ಯಂತ್ರ ನಿಲ್ಲಿಸಿದಳು. ಸುಮಾರು ಹೊತ್ತು ಗಾಜನ್ನೇ ಒರೆಸುತ್ತಿದ್ದಳು.

“ಎಲ್ಲಾ ಬರೀತೀರಾ?” ಎಂದು ಕೇಳಿದಳು. ಆಮೇಲೆ ಶುರು ಮಾಡಿದಳು.

ರೇಸಿಗೆ ಮುಂಚೆ ಎರಡು ದಿನ ಮಳೆ ಹೊಡೆದಿತ್ತು. ರೇಸಿನ ಬೆಳಗ್ಗೆ ಒಳ್ಳೆ ಬಿಸಿಲು. ದಾರಿ ಮೇಲಿನಿಂದ ಒಣಗಿದಂತೆ ಕಾಣುತ್ತಿತ್ತು. ಮಣ್ಣಕ್ಕ ಎಂದಿನಂತೆ ನಡೆದು ಬಂದು, ‘ಗಾಯದ ಹಾಗಿದೆ, ಹೊರಗೆ ಒಣಗಿದೆ, ಒಳಗೆ ಹಸಿ’ ಅಂದರು. ಮರಗಳ ಕೆಳಗಿನ ಬೇರಿಗೆ ಬಿಸಿಲು ತಾಗಿರಲಿಲ್ಲ. ಮುಂದಿನ ಚಕ್ರಕ್ಕೆ ಮೆತ್ತನೆಯ ಟೈರು ಹಾಕಿ, ಹಾಳೆಯಲ್ಲಿ ಬರೆದು ಸಹಿ ಮಾಡಿದರು.

ಅದೇ ಬೆಳಗ್ಗೆ ಟೈರ್ ಕಂಪನಿಯೊಂದರ ಪ್ರತಿನಿಧಿ ಹೊಸ ಟೈರು ತಂದಿದ್ದ. ಪಕ್ಕದಲ್ಲಿ ಕೆಂಪು ಪಟ್ಟೆ, ಗಿಡ್ಡ ಹಲ್ಲು, ಗಟ್ಟಿ ರಬ್ಬರು, ಒಣ ನೆಲದಲ್ಲಿ ಬಾಣದ ಹಾಗೆ ಓಡುವಂಥದ್ದು. ಕಂಪನಿ ತಂಡದ ಪ್ರಾಯೋಜಕನಾಗುವ ಮಾತು ನಡೆದಿತ್ತು. ಗೆಲ್ಲುವ ಸೈಕಲ್ಲಿನ ಮೇಲೆ ಕೆಂಪು ಪಟ್ಟೆ ಕಾಣಬೇಕು, ಫೋಟೋ ಬರಬೇಕು ಎಂಬುದು ಕ್ಲಬ್ಬಿನ ಮ್ಯಾನೇಜರರ ಆಸೆ. ಮಣ್ಣಕ್ಕ ಆಗದು ಅಂದರು. “ಬೇಕಾದ್ರೆ ಹಿಂದಕ್ಕೆ ಹಾಕಿ, ಸಹಿಸ್ಕೊಳ್ತೀನಿ. ಮುಂದಕ್ಕೆ ಬೇಡ” ಎಂದು ಅಷ್ಟರಮಟ್ಟಿಗೆ ಬಾಗಿದರು. ಮ್ಯಾನೇಜರ್ ತಲೆಯಾಡಿಸಿದರು. ತೊರೆ ದಾಟುವ ಜಾಗವನ್ನು ಇನ್ನೊಮ್ಮೆ ನೋಡಿ ಬರಲು ಮಣ್ಣಕ್ಕ ಕೆಳಗಿಳಿದರು.

“ಚಿಕ್ಕಮ್ಮ ಆ ಕಡೆ ಹೋದ್ರು, ಮ್ಯಾನೇಜರ್ ಈ ಕಡೆ ಎರಡೂ ಚಕ್ರ ಬದಲಾಯಿಸಿದ್ರು,” ಎಂದು ಹುಡುಗಿ ಹೇಳುತ್ತಾಳೆ. “ನಾನು ಅಲ್ಲೇ ನಿಂತಿದ್ದೆ. ‘ಚಿಕ್ಕಮ್ಮನಿಗೆ ಹೇಳಿದ್ದೀರಾ?’ ಅಂದೆ. ‘ಅವರೇ ಒಪ್ಪಿದಾರೆ’ ಅಂದ್ರು. ಸುಳ್ಳು ಅಂತ ನನಗೆ ಗೊತ್ತಿತ್ತು. ನನ್ನ ಚಿಕ್ಕಮ್ಮ ನನಗೆ ಗೊತ್ತಿಲ್ವಾ? ಆದ್ರೆ ಕಂಪನಿಯವರು ದೊಡ್ಡ ತಂಡಕ್ಕೆ ತಗೋತಾರೆ, ಇದರಲ್ಲಿ ಗೆದ್ರೆ ಸಾಕು ಅಂದಿದ್ರು. ಹತ್ತಿಬಿಟ್ಟೆ.”

ರೇಸು ಹೊರಟಿತು. ತೊರೆಯ ಹತ್ತಿರ ನಿಂತಿದ್ದ ಮಣ್ಣಕ್ಕನ ಮುಂದೆಯೇ ಮೊದಲನೆಯವಳಾಗಿ ಹಾದುಹೋದಳು. ಮುಂದಿನ ಚಕ್ರದಲ್ಲಿ ಕೆಂಪು ಪಟ್ಟೆ ತಿರುಗುತ್ತಿತ್ತು. ಮಣ್ಣಕ್ಕ ಗಂಟಲು ಹರಿಯುವಂತೆ ಕೂಗಿದರು.

“ನಿನಗೆ ಕೇಳಿಸಿತಾ?” ಎಂದು ನಾನು ಕೇಳಿದೆ.

“ಕೇಳಿಸ್ತು. ನಿಲ್ಲು ನಿಲ್ಲು ಅಂತ. ಹುರಿದುಂಬಿಸ್ತಿದಾರೆ ಅಂತ ಅಂದ್ಕೊಂಡೆ. ಅಂದ್ರೆ, ಹಾಗಂದ್ಕೊಳ್ಳೋಣ ಅಂದ್ಕೊಂಡೆ.”

ಎರಡನೇ ಸುತ್ತಿನಲ್ಲಿ, ಬೇರಿನ ಇಳಿಜಾರಿನ ನಡುವೆ ಮುಂದಿನ ಚಕ್ರ ಜಾರಿತು. ತೊಡೆಯ ಮೂಳೆ ಮೊಣಕಾಲಿನ ಮೇಲೆ ಎರಡು ಕಡೆ ಮುರಿಯಿತು. ಸುದ್ದಿ ತಿಳಿದು ಓಡಿಬಂದ ಮಣ್ಣಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸ್ಟ್ರೆಚರ್ ಬರುವ ತನಕ ನಲವತ್ತು ನಿಮಿಷ ಕೂತಿದ್ದರು. ಆ ನಲವತ್ತು ನಿಮಿಷದಲ್ಲಿ ಟೈರಿನ ಬಗ್ಗೆ ಒಂದು ಮಾತೂ ಎತ್ತಲಿಲ್ಲವಂತೆ.

ವಾರದೊಳಗೆ ಕ್ಲಬ್ಬು ಒಂದು ಪುಟದ ವರದಿ ತಯಾರಿಸಿತು. ಕಾರಣ: ಮೆಕ್ಯಾನಿಕ್‌ನ ತಪ್ಪು ಟೈರ್ ಆಯ್ಕೆ. ಆಧಾರ: ಆ ದಿನದ ಹಾಳೆ. ಹಾಳೆಯಲ್ಲಿ ಮೆತ್ತನೆಯ ಟೈರಿನ ಹೆಸರನ್ನು ಹೊಡೆದುಹಾಕಿ, ಮೇಲೆ ಹೊಸ ಟೈರಿನ ಹೆಸರನ್ನು ಬರೆಯಲಾಗಿತ್ತು. ಕೆಳಗಿನ ಸಹಿ ಹಾಗೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರೆ. ಇಲ್ಲಿ ಬರೆ ಎಳೆಯಲು ಎಮ್ಮೆಯ ಸಹಿಯನ್ನೇ ಬಳಸಿಕೊಂಡಿದ್ದರು.

ಮ್ಯಾನೇಜರ್ ಆಸ್ಪತ್ರೆಗೆ ಬಂದರು. ವಿಮೆಯ ಕಾಗದ ಕ್ಲಬ್ಬಿನ ಮೂಲಕವೇ ಹೋಗಬೇಕು, ತಕರಾರು ಎದ್ದರೆ ತಿಂಗಳುಗಟ್ಟಲೆ ನಿಲ್ಲುತ್ತದೆ, ಕಾಲು ಅಲ್ಲಿಯ ತನಕ ಕಾಯುವುದಿಲ್ಲ ಎಂದು ನಯವಾಗಿ ತಿಳಿಸಿದರು. ಮಣ್ಣಕ್ಕ ತಪ್ಪೊಪ್ಪಿಗೆಗೆ ಸಹಿ ಮಾಡಿದರು. ಹುಡುಗಿಯ ಮುಂದೂ ಒಂದು ಕಾಗದ ಬಂತು. ‘ಟೈರ್ ಆಯ್ಕೆ ಪೂರ್ತಿ ಚಿಕ್ಕಮ್ಮನದು’ ಎಂದು ಅವಳು ಬರೆದುಕೊಟ್ಟಳು. ಮೂರು ಆಪರೇಷನ್ ಆದವು. ಕಾಲು ಉಳಿಯಿತು.

“ಕಾಲಿಗೋಸ್ಕರ ಬರೆದೆ ಅಂತ ಹೇಳಬಹುದು. ಅದೂ ನಿಜ,” ಅನ್ನುತ್ತಾಳೆ. “ಆದ್ರೆ ಪೂರ್ತಿ ನಿಜ ಅಲ್ಲ. ನಾನೇ ಒಪ್ಪಿ ಹತ್ತಿದ್ದು ಅಂತ ಅಮ್ಮನಿಗೆ ಗೊತ್ತಾಗಬಾರದಿತ್ತು. ನನ್ನ ತಪ್ಪಿಗೆ ನಾನೇ ಬಿದ್ದೆ ಅನ್ನೋದು ನನಗೇ ಬೇಡವಾಗಿತ್ತು. ಆಪರೇಷನ್ ಎಲ್ಲಾ ಮುಗಿದ ಮೇಲೂ ಐದು ವರ್ಷ ಬಾಯಿ ಬಿಡಲಿಲ್ವಲ್ಲ, ಅದಕ್ಕೆ ಯಾವ ವಿಮೆ ಅಡ್ಡ ಬಂದಿತ್ತು?”

ಅಮ್ಮನಿಗೆ ಗೊತ್ತಾದದ್ದು ವರದಿ ಹೇಳಿದಷ್ಟೆ. ಆಸ್ಪತ್ರೆಯ ಮೆಟ್ಟಿಲ ಮೇಲೆ, ಹೋಗಿ ಬರುವವರ ಎದುರು ತಂಗಿಯನ್ನು ನಿಲ್ಲಿಸಿ ಅಂದರು: “ನನ್ನ ಮಗಳ ಕಾಲು ಮುರಿದ ಕೈಯಿಂದ ನನ್ನ ಮನೆಯ ನೀರೂ ಮುಟ್ಟಬೇಡ.” ಮಣ್ಣಕ್ಕ ಅವತ್ತೇ ಎರಡು ಸೀರೆ, ಒಂದು ಹೊದಿಕೆ, ಟೈರು ಕಳಚುವ ಅಪ್ಪನ ಕಬ್ಬಿಣದ ಪಟ್ಟಿಗಳನ್ನು ತೆಗೆದುಕೊಂಡು ಶೆಡ್ಡಿನ ಹಿಂದಿನ ಕೋಣೆಗೆ ಬಂದರು. ಎಂಟು ಅಡಿ ಉದ್ದ, ಏಳು ಅಡಿ ಅಗಲ. ಕಿಟಕಿಯಿಲ್ಲ. ಅಕ್ಕನ ಮನೆ ಇಲ್ಲಿಂದ ನಾಲ್ಕು ರಸ್ತೆ ಆಚೆ. ಆರು ವರ್ಷ, ಎದುರಾದರೆ ಅಕ್ಕ ರಸ್ತೆಯ ಆ ಬದಿಗೆ ದಾಟುತ್ತಿದ್ದರು.

ಇಷ್ಟು ಕೇಳಿಕೊಂಡು ಶೆಡ್ಡಿಗೆ ವಾಪಸು ಬಂದು ಮಣ್ಣಕ್ಕನನ್ನು ಕೇಳಿದೆ: ಅಕ್ಕನಿಗೆ ಯಾಕೆ ನಿಜ ಹೇಳಲಿಲ್ಲ?

ಅವರು ಟೈರಿನ ಪಕ್ಕದ ಬಾಣದ ಗುರುತನ್ನು ಬೆರಳಲ್ಲಿ ಹುಡುಕುತ್ತಿದ್ದರು. ಆ ಬಾಣ ಯಾವ ಕಡೆ ಉರುಳಬೇಕು ಎಂದು ತೋರಿಸುತ್ತದೆ. ಉಲ್ಟಾ ಹಾಕಿದರೆ ಹಲ್ಲು ಹಿಡಿಯುವುದಿಲ್ಲ.

“ಹೇಳಿದ್ರೆ ಮಗಳು ಸುಳ್ಳುಗಾರ್ತಿ ಆಗ್ತಿದ್ಲು. ಮಂಚದಿಂದ ಏಳಕ್ಕಾಗದೆ ಮಲಗಿರೋ ಮಗಳು. ಅಕ್ಕನಿಗೆ ಆಗ ಮಗಳು ಬೇಕಿತ್ತಾ, ತಂಗಿ ಬೇಕಿತ್ತಾ ಹೇಳಿ. ಇಬ್ಬರಲ್ಲಿ ಒಬ್ಬರನ್ನ ಬಯ್ಯಲೇಬೇಕು. ನಾನು ಗಟ್ಟಿಮುಟ್ಟಾಗಿದ್ದೆ.”

ಸಿಟ್ಟಿಲ್ಲವೇ ಅಂದೆ.

“ಸಿಟ್ಟಿಲ್ಲ ಅಂತ ಬರೀಬೇಡಿ. ನಾನೇನು ದೇವರ ಪಟವಾ, ಗೋಡೆಗೆ ನೇತುಹಾಕೋಕೆ? ತುಂಬಾ ಸಿಟ್ಟಿದೆ. ಆ ಹುಡುಗಿ ಮೇಲೂ ಇದೆ. ಬೆಳಗ್ಗೆ ಎದ್ದು ಬೆಟ್ಟ ಹತ್ತಿದ್ರೆ ಅರ್ಧ ಇಳಿಯುತ್ತೆ. ಉಳಿದರ್ಧ ಟೈರ್ ಕಳಚೋಕೆ ಬೇಕು. ಸಿಟ್ಟಿಲ್ಲದ ಕೈಗೆ ಅದು ಬಿಚ್ಚಿಕೊಳ್ಳಲ್ಲ.”

ಕೆಲಸದಿಂದ ಇವರನ್ನು ಪೂರ್ತಿ ತೆಗೆಯಲಾಗಲಿಲ್ಲ. ತೆಗೆದು ನೋಡಿದರು, ಒಂದೂವರೆ ತಿಂಗಳು. ತಂಡ ನಾಲ್ಕು ರೇಸುಗಳಲ್ಲಿ ಮುಗ್ಗರಿಸಿತು. ಮತ್ತೆ ಕರೆದರು, ಸಹಿಯ ಅಧಿಕಾರ ಕಿತ್ತುಕೊಂಡು, ಸಹಾಯಕಿ ಎಂದು. ಹಾಳೆಗೆ ಸಹಿ ಮಾಡಲು ತಾಂತ್ರಿಕ ಸಲಹೆಗಾರರೊಬ್ಬರು ಬಂದರು. ಕೆಂಪು ಪಟ್ಟೆಯ ಟೈರು ತಂದಿದ್ದನಲ್ಲ ಕಂಪನಿಯ ಪ್ರತಿನಿಧಿ, ಅವನೇ. ಪ್ರತಿ ಮುಂಜಾನೆ ಅವನಿಗೇ ಮಣ್ಣಕ್ಕ ಇವತ್ತಿನ ನೆಲ ಹೇಗಿದೆ ಎಂದು ಹೇಳುತ್ತಾರೆ. ಅವನಿಗಾಗಿ ಅಲ್ಲವಂತೆ. “ಟೈರ್ ಮೇಲೆ ಕೂರೋದು ಅವನಲ್ವಲ್ಲ. ಯಾರದೋ ಮಕ್ಕಳು.”

ಮ್ಯಾನೇಜರರನ್ನು ಅವರ ಕೋಣೆಯಲ್ಲಿ ಭೇಟಿಯಾದೆ. ಗೋಡೆಯ ತುಂಬ ಟ್ರೋಫಿ. ಹೊಡೆದುಹಾಕಿದ ಆ ಹೆಸರಿನ ಬಗ್ಗೆ ಕೇಳಿದಾಗ ಕನ್ನಡಕ ತೆಗೆದು ಒರೆಸಿಕೊಂಡರು. “ಹಳೆಯ ವಿಷಯ. ತಂಡ ಅಂದ ಮೇಲೆ ಎಲ್ಲರದೂ ಜವಾಬ್ದಾರಿ ಇರುತ್ತೆ. ಈಗ ಯಾಕೆ ಕೆದಕ್ತೀರಿ, ಒಳ್ಳೇದು ಬರೀರಿ,” ಅಂದರು. ಎಲ್ಲರದೂ ಜವಾಬ್ದಾರಿಯಾದರೆ ಶಿಕ್ಷೆ ಒಬ್ಬರಿಗೇ ಯಾಕೆ ಎಂದೆ. ಅವರಿಗೆ ಒಂದು ಸಭೆಯಿತ್ತು.

ನಾನು ಹೊರಡುವ ಮುಂಚಿನ ದಿನ ಹುಡುಗಿ ಒಂದು ಲಕೋಟೆ ಕೊಟ್ಟಳು. ನನಗೆ ಹೇಳಿದ್ದನ್ನೆಲ್ಲ ಬರೆದು, ಕೆಳಗೆ ಸಹಿ ಮಾಡಿದ್ದಳು. ‘ಇದು ನನ್ನ ಕೈಬರಹ. ಅಮ್ಮನಿಗೆ ನಿನ್ನೆ ಸಂಜೆ ಓದಿ ಹೇಳಿದ್ದೇನೆ’ ಎಂದು ಕೊನೆಯಲ್ಲಿತ್ತು. ಅಮ್ಮ ಏನಂದರು ಎಂದು ಕೇಳಿದೆ. “ಹೊಲೀತಿದ್ದ ಬಟ್ಟೆ ಬಿಚ್ಚಿ, ಅದೇ ಹೊಲಿಗೆನ ಮತ್ತೆ ಹಾಕಿದ್ರು. ಬೆಳಗಿನವರೆಗೂ ಅದನ್ನೇ ಬಿಚ್ಚಿ ಹಾಕ್ತಿದ್ರು.”

ಮಾರನೇ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ನಾನು ಶೆಡ್ಡಿನಲ್ಲಿದ್ದೇನೆ. ಮಣ್ಣಕ್ಕ ನೆಲದ ಮೇಲೆ ಕೂತು ಚಕ್ರವನ್ನು ಮಡಿಲಲ್ಲಿಟ್ಟುಕೊಂಡು ಟೈರಿನ ಅಂಚನ್ನು ರಿಮ್ಮಿನೊಳಗೆ ತಳ್ಳುತ್ತಿದ್ದಾರೆ. ಬಾಗಿಲಿಗೆ ನೆರಳು ಬೀಳುತ್ತದೆ. ಅರವತ್ತು ದಾಟಿದ ಹೆಂಗಸು, ಸೆರಗಿನ ತುದಿಗೆ ಸಿಕ್ಕಿಸಿದ ಸೂಜಿ ಹಾಗೇ ಇದೆ. ನಾನು ಏಳಲು ಹೋಗುತ್ತೇನೆ. ಕೂರಿ ಎಂದು ಮಣ್ಣಕ್ಕ ಕೈಸನ್ನೆ ಮಾಡುತ್ತಾರೆ.

“ಅವಳು ಎಲ್ಲಾ ಹೇಳಿದ್ಲು,” ಅನ್ನುತ್ತಾರೆ ಅಕ್ಕ.

ಮಣ್ಣಕ್ಕ ಟೈರು ತಳ್ಳುತ್ತಾರೆ.

“ನೀನು ಯಾಕೆ ಒಂದು ಮಾತು ಹೇಳಲಿಲ್ಲ?”

“ನೀನು ಕೇಳಲಿಲ್ಲ.”

ಅಕ್ಕ ಬಾಗಿಲಿನ ಚೌಕಟ್ಟು ಹಿಡಿದುಕೊಳ್ಳುತ್ತಾರೆ. ಹೊರಗೆ ಯಾರೋ ಸೈಕಲ್ ತೊಳೆಯುತ್ತಿರುವ ನೀರಿನ ಸದ್ದು.

“ಮೂವತ್ತು ವರ್ಷ ಒಂದೇ ಮನೇಲಿ ಇದ್ವಿ,” ಅನ್ನುತ್ತಾರೆ ಮಣ್ಣಕ್ಕ. “ಒಂದು ಸಲ ಕರೆದು, ಏನಾಯ್ತೇ ಅಂತ ಕೇಳಬಹುದಿತ್ತು. ಕೇಳಿದ್ರೆ ಏನು ಹೇಳ್ತಿದ್ದೆ ಅಂತ ನನಗೂ ಗೊತ್ತಿಲ್ಲ. ಆದ್ರೆ ನೀನು ಕೇಳಲಿಲ್ಲ.”

“ಮನೆಗೆ ಬಾ.”

“ಇವತ್ತು ಹನ್ನೆರಡು ಚಕ್ರ ಇದೆ.”

“ನಾಳೆ?”

“ನಾಳೆದು ನಾಳೆ ನೋಡೋಣ ಅಕ್ಕ.”

ಅಕ್ಕ ಒಳಗೆ ಬರುವುದಿಲ್ಲ, ಹೋಗುವುದೂ ಇಲ್ಲ. ಐದು ನಿಮಿಷವಾದರೂ ಹಾಗೇ ನಿಂತಿರುತ್ತಾರೆ. ಶೆಡ್ಡಿನ ಹಿಂದಿನ ಕೋಣೆಯ ಬಾಗಿಲು ತೆರೆದಿದೆ. ಕಿಟಕಿಯಿಲ್ಲದ ಗೋಡೆ, ಸುತ್ತಿಟ್ಟ ಹೊದಿಕೆ ಕಾಣುತ್ತದೆ. ಅದನ್ನು ನೋಡುತ್ತಾರೆ. ಆಮೇಲೆ ಬಂದ ದಾರಿಯಲ್ಲೇ ನಡೆದು ಹೋಗುತ್ತಾರೆ. ಮಣ್ಣಕ್ಕನ ಕೈಯಲ್ಲಿ ಟೈರಿನ ಅಂಚು ಕೂರುತ್ತಿಲ್ಲ. ಎರಡು ನಿಮಿಷದ ಕೆಲಸ. ಮೂರು ಸಲ ಜಾರಿ ಹೊರಬರುತ್ತದೆ.

“ಆರು ವರ್ಷದ ಮಾತು,” ಅನ್ನುತ್ತಾರೆ ನನ್ನ ಕಡೆ ನೋಡದೆ. “ಒಂದೇ ದಿನ ಆಡಿ ಮುಗಿಸೋಕಾಗುತ್ತಾ? ಈಗ ಎಲ್ಲರಿಗೂ ನಿಜ ಗೊತ್ತಾಯ್ತು, ಸಂತೋಷ. ರೇಸು ಮುಗಿದ ಮೇಲೆ ಸರಿಯಾದ ಟೈರು ಹಾಕಿದ ಹಾಗೆ.”

ನಾನು ಇದನ್ನು ಬರೆಯುವ ತನಕ ಮಣ್ಣಕ್ಕ ಅಕ್ಕನ ಮನೆಗೆ ಹೋಗಿಲ್ಲ. ಅಕ್ಕ ಎದುರಾದರೆ ಈಗ ರಸ್ತೆ ದಾಟುವುದಿಲ್ಲವಂತೆ. ಇಬ್ಬರೂ ಒಂದು ಕ್ಷಣ ನಿಂತು, ಏನೂ ಆಡದೆ ಮುಂದೆ ಹೋಗುತ್ತಾರೆ. ಹುಡುಗಿ ಎರಡು ಸಲ ಶೆಡ್ಡಿಗೆ ಬಂದಿದ್ದಾಳೆ. ಮೊದಲ ಸಲ ಮಣ್ಣಕ್ಕ ಬೆಟ್ಟದ ಮೇಲಿದ್ದರು. ಎರಡನೇ ಸಲ ಅವಳಿಗೆ ಕೂರಲು ಸ್ಟೂಲು ಕೊಟ್ಟು, ಕಾಲು ಚಾಚಲು ಎರಡು ಹಳೆಯ ಟೈರು ಒಂದರ ಮೇಲೊಂದು ಇಟ್ಟುಕೊಟ್ಟರು. ಕ್ಲಬ್ಬಿನ ವರದಿ ಬದಲಾಗಿಲ್ಲ. ಈ ಭಾನುವಾರದ ರೇಸಿನ ಹಾಳೆಗೂ ಸಲಹೆಗಾರರದೇ ಸಹಿ.

ಪತ್ರಿಕೆಗೆ ಕಳಿಸುವ ಮುಂಚೆ ಬರೆದದ್ದನ್ನೆಲ್ಲ ಮಣ್ಣಕ್ಕನಿಗೆ ಓದಿ ಹೇಳುತ್ತೇನೆ. ಕೈ ಒರೆಸುತ್ತಾ ಪೂರ್ತಿ ಕೇಳುತ್ತಾರೆ. ಗಾಳಿಯ ಒಂದು ಲೆಕ್ಕ ತಪ್ಪಿತ್ತು, ತಿದ್ದಿಸುತ್ತಾರೆ. ಮ್ಯಾನೇಜರರ ಮಾತು ಬಂದಾಗ ಮೂಗಿನಲ್ಲೇ ನಗುತ್ತಾರೆ. ನಿಮಗೆ ಏನಾದರೂ ಆಸೆ ಇದೆಯೇ, ವರದಿ ಬದಲಾಗಬೇಕು ಅಂತಲೋ, ಸಹಿ ವಾಪಸು ಬೇಕು ಅಂತಲೋ ಎಂದು ಕೇಳುತ್ತೇನೆ. ಉತ್ತರದ ಬದಲಿಗೆ ಒಂದು ಪ್ರಶ್ನೆ ಬರುತ್ತದೆ.

“ಅವಳು ಬಿದ್ದಿದ್ದೇ ಅರ್ಧ ಪುಟ ಇದೆಯಲ್ಲ. ಸುಳ್ಳು ಬರೆದುಕೊಟ್ಟಿದ್ದು ಇನ್ನರ್ಧ ಪುಟ. ಅವಳು ಸೈಕಲ್ ಓಡಿಸಿದ್ದು ಎಲ್ಲಿ?”

ನಾನು ಹಾಳೆಗಳನ್ನು ತಿರುವಿ ಹುಡುಕುತ್ತೇನೆ.

“ಆ ಬೇರಿನ ಇಳಿಜಾರು ಇದೆಯಲ್ಲ, ನೀವು ಕೂತ್ಕೊಂಡು ಇಳಿದಿದ್ದು. ಅದರಲ್ಲಿ ನನ್ನ ಹುಡುಗಿ ಬೀಳೋಕೆ ಮುಂಚೆ ನಾನೂರು ಸಲ ಇಳಿದಿದ್ಲು. ಮಳೇಲಿ, ಮಂಜಲ್ಲಿ. ಒಂದು ಸಲಾನೂ ಕಾಲು ನೆಲಕ್ಕೆ ಇಟ್ಟಿರಲಿಲ್ಲ. ಅದನ್ನ ಬರೀರಿ. ಯಾವುದೋ ಮೂಲೆಯಲ್ಲಿ ಸಿಕ್ಕಿಸಬೇಡಿ. ಅದಕ್ಕೇ ಅಂತ ಒಂದು ಪೂರ್ತಿ ಸಾಲು ಬರೀರಿ.”